ಮಗಳಿಗೆ ಕಳಿಸಿದ ಹನ್ನೆರಡು ಹಲಗೆ

ನಾನು ಕಟ್ಟಿಗೆ ಮಾರುವವನು, ನನ್ನ ಮಗಳು ಕಟ್ಟಿಗೆ ತಿನ್ನುವ ಹುಳ ಸಾಕುವವಳು. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನುಂಗುತ್ತಾರೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಕಡೆಗೆ ತಿರುಗುವಲ್ಲಿ ನಮ್ಮ ಕಟ್ಟಿಗೆ ವಖಾರ ಇದೆ. ಸಾಗವಾನಿ, ಬೇವು, ಜಾಲಿ, ಮಾವು, ಬೇಕಾದದ್ದು ಸಿಗುತ್ತದೆ. ಕೊರೆದು ಕೊಡಲು ಹಿಂದೆಯೇ ಮಿಲ್ಲೂ ಇದೆ. ನಲವತ್ತು ವರ್ಷ ಗೆದ್ದಲಿನ ಜೊತೆ, ಕೊರೆಹುಳದ ಜೊತೆ ಜಗಳ ಮಾಡುತ್ತಲೇ ಮುದುಕನಾದ ಈ ರಾಚಪ್ಪನ ಹೊಟ್ಟೆಯಲ್ಲಿ ಪೂನಮ ಹುಟ್ಟಿದಳು.

ಪೂನಮ ಗೋವಾದ ಸಮುದ್ರದ ದಂಡೆಯ ಒಂದು ಪ್ರಯೋಗಶಾಲೆಯಲ್ಲಿ ಇದ್ದಾಳೆ. ಮೂವತ್ತೆರಡು ವರ್ಷ. ಮದುವೆಯ ಮಾತು ಎತ್ತಿದರೆ ಅವಳ ಫೋನಿಗೆ ತಟ್ಟನೆ ರೇಂಜ್ ಹೋಗುತ್ತದೆ. ಹುಳದ ಮಾತು ಎತ್ತಿದರೆ ಮಾತ್ರ ರೇಂಜ್ ಗಟ್ಟಿಯಾಗಿ ಬಂದು ಕೂರುತ್ತದೆ, ಆಮೇಲೆ ಒಂದು ತಾಸು ನಾವು ಫೋನ್ ಇಡುವ ಹಾಗಿಲ್ಲ.

"ಹುಳ ಅನ್ನಬ್ಯಾಡ್ರಿ ಅಪ್ಪಾ," ಎನ್ನುತ್ತಾಳೆ. "ಅದು ಚಿಪ್ಪಿನ ಜಾತಿ. ದಂಡಿ ಮ್ಯಾಲ ಕಪ್ಪಿಚಿಪ್ಪು ಬಿದ್ದಿರತಾವಲ್ಲ, ಅದರ ಬಳಗ. ಮೈ ಉದ್ದ ಆಗೇದ, ಚಿಪ್ಪು ಸಣ್ಣದಾಗಿ ತಲಿಗೆ ಬಂದು ನಿಂತದ, ಇಷ್ಟ."

"ಆ ಚಿಪ್ಪಿಲೆ ಏನ ಮಾಡತದ?"

"ಕಟ್ಟಿಗಿ ಕೊರೀತದ್ರಿ."

"ಮತ್ತ ನಾ ಏನಂದೆ?" ಎಂದು ನಾನು. ನಮ್ಮಿಬ್ಬರ ಪ್ರೀತಿ ಹೀಗೇ ಸಾಗಿತ್ತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಒಂದು ದಿನ ಫೋನ್ ಮಾಡಿ ನನ್ನ ಹತ್ತಿರ ಕಟ್ಟಿಗೆ ಕೇಳಿದಳು. ಹುಟ್ಟಿದಾಗಿನಿಂದ ಅವಳು ವಖಾರದ ಒಂದು ಚಕ್ಕೆ ಕೇಳಿದವಳಲ್ಲ. ಕರಿಜಾಲಿಯ ಹನ್ನೆರಡು ಹಲಗೆ ಬೇಕು, ಗೇಣುದ್ದ, ನಾಲ್ಕು ಬೆರಳು ಅಗಲ, ಒಂದು ಇಂಚು ದಪ್ಪ. ಮಾವು, ಸಾಗವಾನಿ ಎಲ್ಲ ಅಲ್ಲಿಯೇ ಸಿಗುತ್ತವಂತೆ. ಒಂದೊಂದು ಜಾತಿಯ ಹಲಗೆಗೆ ತೂತು ಕೊರೆದು ಹಗ್ಗ ಪೋಣಿಸಿ ಆರು ತಿಂಗಳು ಸಮುದ್ರದಲ್ಲಿ ಇಳಿಬಿಡುತ್ತಾರೆ, ಯಾವ ಕಟ್ಟಿಗೆಯನ್ನು ಎಷ್ಟು ತಿಂದಿವೆ ಎಂದು ನೋಡುತ್ತಾರೆ. ಬಂಡಿಯ ಗಾಲಿಗೂ ಕುಂಟೆಗೂ ನಮ್ಮ ಕಡೆಯವರು ಜಾಲಿ ಬಿಟ್ಟು ಬೇರೆ ಹಾಕುವುದಿಲ್ಲ, ನೀರಿಗೂ ಮಣ್ಣಿಗೂ ಅದು ಜಗ್ಗುವುದಿಲ್ಲ ಎಂದು ಅವಳ ಸೋದರತ್ತೆ ಯಾವಾಗಲೋ ಹೇಳಿದ್ದು ಅವಳ ತಲೆಯಲ್ಲಿ ಉಳಿದಿತ್ತು.

"ಹೆಂಗ ಕೊರದಿರತಾರೋ ಹಂಗ ಕಳಸ್ರಿ ಅಪ್ಪಾ. ಏನೂ ಹಚ್ಚಬ್ಯಾಡ್ರಿ."

ನಾನು ಹ್ಞೂಂ ಅಂದೆ. ಬಣ್ಣ, ಪಾಲಿಶ್ ಹಚ್ಚಬೇಡಿ ಅನ್ನುತ್ತಾಳೆ ಎಂದುಕೊಂಡೆ. ಇಲ್ಲಿ ನಾನು ನನ್ನ ಪರವಾಗಿ ಹೇಳಬಹುದಾದದ್ದು ಇಷ್ಟೇ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ನಡಾವಳಿ ಇದೆ. ಮಗಳ ಮನೆಗೆ ಹೋಗುವ ಕಟ್ಟಿಗೆ, ಅದು ಕಪಾಟು ಇರಲಿ, ಮಂಚ ಇರಲಿ, ಚೊಚ್ಚಲ ಬಾಣಂತನದ ತೊಟ್ಟಿಲು ಇರಲಿ, ವಖಾರದಿಂದ ಒಣಗಿದ ಮೈಯಲ್ಲಿ ಹೊರಬೀಳಬಾರದು. ಕರಂಜಿ ಎಣ್ಣೆ, ಅದೇ ಹೊಂಗೆ ಎಣ್ಣೆಯಲ್ಲಿ ಬಿಬ್ಬೆ ಕುದಿಸುತ್ತೇವೆ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದ ಕರಿ ಬೀಜವೇ ಬಿಬ್ಬೆ; ಅದರ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಆ ಎಣ್ಣೆಯನ್ನು ಹೆತ್ತ ಅಪ್ಪನೇ ಹಚ್ಚಬೇಕು, ಆಳಿನ ಕೈಗೆ ಕೊಡುವಂತಿಲ್ಲ. ದಿನಕ್ಕೊಮ್ಮೆ, ಮೂರು ದಿನ. ಮಗಳ ಮನೆಯ ಕಟ್ಟಿಗೆಗೆ ಹುಳ ಬಾಯಿ ಹಾಕಬಾರದು.

ನನ್ನ ತಮ್ಮನ ಮಗಳು ಸ್ನೇಹಲಳ ಮದುವೆಗೆ ತಮ್ಮ ಹಚ್ಚಿದ. ಅವನು ತೀರಿಕೊಂಡ ಮೇಲೆ ಅವಳ ತೊಟ್ಟಿಲಿಗೆ ನಾನು ಹಚ್ಚಿದೆ. ನನ್ನ ಸ್ವಂತ ಮಗಳ ಹೆಸರಿನಲ್ಲಿ ಮಾತ್ರ ಆ ವಖಾರದಿಂದ ಏನೂ ಹೊರಟಿರಲಿಲ್ಲ. ಹಾಗಾಗಿ ಹನ್ನೆರಡು ಹಲಗೆ ಕೊರೆದು ಸಾಲಾಗಿ ಇಟ್ಟಾಗ ನನ್ನ ಹೆಂಡತಿ ಗಂಗುಬಾಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಮಗಳ ಮನಿಗೆ ಹೊಂಟಾವು," ಅಂದಳು. ಅಷ್ಟೇ ಅಂದದ್ದು. ನಾನು ಎಣ್ಣೆ ಒಲೆಯ ಮೇಲಿಟ್ಟೆ.

ಮೂರು ದಿನ ಹಚ್ಚಿದೆ. ಅಂಚಿಗೂ ತುದಿಗೂ ಬಿಡದೆ ಹಚ್ಚಿದೆ. ಕಣ್ಣು ಎರಡು ಸಲ ತುಂಬಿ ಬಂತು, ಹೊಗೆ ಅಂದೆ. ಜಾಲಿ ಮೊದಲೇ ಕಪ್ಪು ಕೆಂಪು ಬಣ್ಣದ್ದು. ಎಣ್ಣೆ ಒಳಗೆ ಇಳಿದ ಮೇಲೆ ಒರೆಸಿ ಬಿಸಿಲಿಗೆ ಇಟ್ಟರೆ ಹಚ್ಚಿದ್ದು ಹಚ್ಚಿದವನಿಗೇ ಗೊತ್ತಾಗಬೇಕು. ಹಳೆಯ ಧೋತರದ ಬಟ್ಟೆಯಲ್ಲಿ ಸುತ್ತಿ, ಗೋವಾ ಬಸ್ಸಿಗೆ ಪಾರ್ಸಲ್ ಹಾಕಿದೆ.

ದಸರೆಯ ಹೊತ್ತಿಗೆ ಫೋನ್ ಬಂತು. "ಅಪ್ಪಾ, ಮಾವು ಜರಡಿ ಆಗೇದ, ಸಾಗವಾನಿಗೂ ಬಾಯಿ ಹಾಕ್ಯಾವ. ನಿಮ್ಮ ಜಾಲಿಗೆ ಒಂದ ತೂತು ಇಲ್ಲ. ಹನ್ನೆರಡರಾಗ ಒಂದಕ್ಕೂ ಇಲ್ಲ."

ಅವತ್ತು ನಾನು ವಖಾರಕ್ಕೆ ಬಂದವರಿಗೆಲ್ಲ ಪೇಢೆ ಕೊಟ್ಟೆ. ಎಣ್ಣೆಯ ನೆನಪು ಬಂದಿರಲಿಲ್ಲವೇ ಎಂದರೆ ಬಂದಿತ್ತು. ಆರು ತಿಂಗಳು ಉಪ್ಪುನೀರಿನಲ್ಲಿ ಬಿದ್ದ ಕಟ್ಟಿಗೆಯಲ್ಲಿ ಎಣ್ಣೆ ಎಲ್ಲಿ ಉಳಿದೀತು, ಮೊದಲ ವಾರದಲ್ಲೇ ತೊಳೆದುಹೋಗಿರುತ್ತದೆ, ಉಳಿದದ್ದು ನಮ್ಮ ಜಾಲಿಯ ಗುಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮುದ್ರವನ್ನು ನಾನು ಸಿನಿಮಾದಲ್ಲಿ ಬಿಟ್ಟರೆ ನೋಡಿದವನಲ್ಲ. ಆದರೂ ಅದು ಏನು ತೊಳೆಯುತ್ತದೆ, ಏನು ಬಿಡುತ್ತದೆ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ.

ದೀಪಾವಳಿ ಮುಗಿದ ಮೇಲೆ ಪೂನಮ ಮನೆಗೆ ಬಂದಳು. ಬುಧವಾರ ಸಂಜೆ ಪಡಸಾಲೆಯಲ್ಲಿ ಪೇಪರು ಹಾಸಿ, ತಂದಿದ್ದ ಎರಡು ಹಲಗೆ ಇಟ್ಟಳು, ಒಂದು ಮಾವಿನದು, ಒಂದು ನಮ್ಮ ಜಾಲಿಯದು. ಗಂಗುಬಾಯಿ ಅವರೆಕಾಯಿ ಸುಲಿಯುತ್ತಾ ದೂರ ಕೂತಿದ್ದಳು. ಮಾಂಸದ ವಸ್ತು ಒಳಗೆ ಬಂತೋ ಏನೋ ಎಂದು ಅವಳ ಅನುಮಾನ. "ಸತ್ತು ಒಣಗ್ಯಾವ ಅವ್ವಾ, ಬರೇ ಮನಿ ಉಳದದ," ಎಂದು ಮಗಳು ಸಮಾಧಾನ ಮಾಡಿದಳು.

ಮಾವಿನ ಹಲಗೆಯನ್ನು ನನ್ನ ಕೈಗೆ ಕೊಟ್ಟಳು. ಹೊರಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಲವು ಚುಕ್ಕೆ ಬಿಟ್ಟರೆ ಏನಿಲ್ಲ. ಇಂಥ ಹಲಗೆಯನ್ನು ನಾನು ಕಣ್ಣುಮುಚ್ಚಿ ಮಾರುತ್ತಿದ್ದೆ. ಆಮೇಲೆ ಅವಳು ಅದನ್ನು ಉಳಿಯಿಂದ ಸೀಳಿದಳು. ಒಳಗೆ ಕಟ್ಟಿಗೆಯೇ ಇರಲಿಲ್ಲ. ಬೆರಳು ಹೋಗುವಷ್ಟು ದೊಡ್ಡ ಸುರಂಗಗಳು, ಒಂದರ ಪಕ್ಕ ಒಂದು, ಗೋಡೆಗೆಲ್ಲ ಬಿಳಿ ಸುಣ್ಣ ಸಾರಿಸಿದ ಹಾಗೆ. ನಾನು ಸಿಟ್ಟು ಮಾಡಿಕೊಳ್ಳಲು ಹೊರಟವನು ನೋಡುತ್ತಾ ಕೂತುಬಿಟ್ಟೆ. ನಲವತ್ತು ವರ್ಷದಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿದ ಒಬ್ಬ ಬಡಿಗನೂ ನನಗೆ ಸಿಕ್ಕಿಲ್ಲ.

"ಸಣ್ಣ ಮರಿ ಇದ್ದಾಗ ನೀರಾಗ ತೇಲಿಕೋತ ಬರತದ," ಪೂನಮ ಹೇಳಿದಳು. "ಕಟ್ಟಿಗಿ ಸಿಕ್ತಂದ್ರ ಒಂದು ಸೂಜಿಮೊನಿ ತೂತು ಮಾಡಿ ಒಳಗ ಹೋಗತದ. ಆಮ್ಯಾಲ ಹೊರಗ ಬರೂದೇ ಇಲ್ಲ. ಅಲ್ಲೇ ಬೆಳೀತದ, ಅಲ್ಲೇ ಸಾಯತದ. ಬಾಗಲದಾಗ ಎರಡು ಸಣ್ಣ ನಳಗಿ ಇಟ್ಟು ನೀರು ಎಳಕೋತದ, ಯಾರರೇ ಬಂದ್ರ ಬಾಗಲಾ ಹಾಕ್ಕೋತದ."

"ಕಟ್ಟಿಗಿ ಹೆಂಗ ಅರಗಿಸ್ಕೋತದ? ನಮಗರೇ ಆಗೂದಿಲ್ಲ."

"ಅದಕ್ಕೂ ಒಂದಕ್ಕ ಆಗೂದಿಲ್ರಿ. ಅದರ ಕಿವಿರಿನಾಗ ಕಣ್ಣಿಗೆ ಕಾಣದ ಜೀವಿ ಇರತಾವ. ಅರಗಿಸೋ ರಸ ಅವು ಮಾಡಿ ಕೊಡತಾವ. ಇದು ಅವಕ್ಕ ಇರಾಕ ಜಾಗಾ ಕೊಡತದ." ಅವಳು ಸೀಳಿದ ಹಲಗೆಯ ಮೇಲೆ ಬೆರಳಾಡಿಸಿದಳು. "ಇಲ್ಲಿ ನೋಡ್ರಿ. ಇಷ್ಟು ಇಕ್ಕಟ್ಟಾದ್ರೂ ಒಂದರ ಸುರಂಗ ಇನ್ನೊಂದು ಒಡದಿಲ್ಲ. ಹತ್ರ ಬಂತಂದ್ರ ಹೊಳ್ಳಿ ಬ್ಯಾರೆ ಕಡೆ ಹೋಗತದ."

ನಿಜ. ಒಂದು ಗೋಡೆಯೂ ಒಡೆದಿರಲಿಲ್ಲ. ನಮ್ಮ ಗಲ್ಲಿಯಲ್ಲಿ ಎರಡು ಇಂಚು ಜಾಗಕ್ಕೆ ಕೋರ್ಟಿಗೆ ಹೋದವರ ಮುಖಗಳು ನನ್ನ ಕಣ್ಣ ಮುಂದೆ ಬಂದವು. ಗಂಗುಬಾಯಿ ಅವರೆಕಾಯಿಯ ಬುಟ್ಟಿಯನ್ನೂ ಎಳೆದುಕೊಂಡು ಹತ್ತಿರ ಸರಿದಿದ್ದಳು. ಕೆಲವು ಜಾತಿಯವು ಮರಿಗಳನ್ನು ಕಿವಿರಿನಲ್ಲೇ ಇಟ್ಟುಕೊಂಡು ಸಾಕುತ್ತವೆ, ದೊಡ್ಡವಾದ ಮೇಲೆ ನೀರಿಗೆ ಬಿಡುತ್ತವೆ ಎಂದು ಕೇಳಿದ ಮೇಲೆ ಅವಳ ಅಸಹ್ಯ ಪೂರ್ತಿ ಹೋಯಿತು. ಸಮುದ್ರದ ನೀರು ಒಳನುಗ್ಗುವ ಖಾರಿಯ ಕೆಸರಿನಲ್ಲಿ ಬಿದ್ದ ಮರಗಳನ್ನೆಲ್ಲ ತಿಂದು ತೆರವು ಮಾಡುವವು ಇವೇ, ಇವು ಬಿಟ್ಟುಹೋದ ಸುರಂಗದಲ್ಲಿ ಏಡಿ, ಸಣ್ಣ ಮೀನು ಬಂದು ಇರುತ್ತವೆ ಎಂದೂ ಮಗಳು ಹೇಳಿದಳು. "ಹಂಗಾರ ಪುಣ್ಯಾದ ಜೀವಾ," ಎಂದಳು ಗಂಗುಬಾಯಿ.

"ದೋಣಿ ಇದ್ದವರಿಗೆ ಪಾಪದ ಜೀವಾ ಅವ್ವಾ," ಎಂದು ಪೂನಮ ಜಾಲಿಯ ಹಲಗೆ ಎತ್ತಿಕೊಂಡಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅವಳ ಹತ್ತನೆಯ ಇಯತ್ತೆಯ ರಿಸಲ್ಟಿನ ನಂತರ ನೋಡಿರಲಿಲ್ಲ. ಬರುವ ವಾರ ಮೀನುಗಾರರ ಒಂದು ಸಭೆಯಲ್ಲಿ ಅವಳು ಜಾಲಿಯ ವಿಷಯ ಹೇಳುವವಳಿದ್ದಳು. ಅದಕ್ಕೂ ಮೊದಲೇ ಸುದ್ದಿ ಕೇಳಿ ವೆಂಗುರ್ಲೆ ಕಡೆಯ ದೋಣಿ ಕಟ್ಟುವ ಮುದುಕನೊಬ್ಬ ಹೊರಟುಬಿಟ್ಟಿದ್ದ. ನಾಳೆ ಗುರುವಾರ ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನ ಮಾಡಿಕೊಂಡು, ಅಲ್ಲೇ ಹತ್ತಿರ ನಮ್ಮ ಅಕ್ಕ ಗುರುಲಿಂಗಮ್ಮನ ಹೊಲದಲ್ಲಿರುವ ಜಾಲಿ ಮರ ನೋಡಲು ಬರುತ್ತಾನೆ. ನನ್ನ ಹಲಗೆಗಳು ಅದೇ ಹೊಲದ ಮರದವು.

ಪೂನಮ ಚೀಲದಿಂದ ಒಂದು ಹಾಳೆ ತೆಗೆದು ಪೆನ್ನು ಹಿಡಿದಳು. "ಅಪ್ಪಾ, ಇದರಾಗ ಬರೀಬೇಕಾಗತದ, ಅದಕ್ಕ ಕೇಳತೀನಿ. ಹಲಗಿಗೆ ಏನೂ ಹಚ್ಚಿದ್ದಿಲ್ಲಲ್ಲ?"

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಸಮುದ್ರ ಏನೂ ತೊಳೆದಿಲ್ಲ. ಹುಳ ದೂರ ನಿಂತದ್ದು ಜಾಲಿಗೆ ಹೆದರಿ ಅಲ್ಲ, ನನ್ನ ಬಿಬ್ಬೆಗೆ ಹೆದರಿ. ಗಂಗುಬಾಯಿಯ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು. ನಾನು ಮಗಳ ಮುಖ ನೋಡಿದೆ, ಆ ಬೆಳಕನ್ನು ಆರಿಸುವ ಧೈರ್ಯ ನನಗೆ ಬರಲಿಲ್ಲ.

"ಇಲ್ಲ," ಅಂದೆ.

ಅವಳು ಬರೆದುಕೊಂಡಳು.

ಬೆಳಿಗ್ಗೆ ಚಹಾ ಕೊಡುತ್ತಾ ಗಂಗುಬಾಯಿ ದನಿ ತಗ್ಗಿಸಿ, "ನೀವು ಹೇಳತೀರೋ, ನಾ ಹೇಳ್ಲೋ?" ಅಂದಳು. "ನಾನೇ ಹೇಳತೀನಿ" ಅಂದೆ. ಕಾರಿನಲ್ಲಿ ಅಕ್ಕಲಕೋಟ ಮುಟ್ಟುವ ತನಕ ಪೂನಮಳೂ ನಾನೂ ಇಬ್ಬರೇ ಇದ್ದೆವು, ಒಂದು ತಾಸಿನ ದಾರಿ, ಹೇಳಲಿಲ್ಲ. ವಳಸಂಗ ದಾಟಿದ ಮೇಲೆ ಹೇಳೋಣ, ಊರು ಕಂಡ ಮೇಲೆ ಹೇಳೋಣ ಎನ್ನುತ್ತಾ ಹೊಲವೇ ಬಂತು. ನಾನು ಗಿರಾಕಿಗಳಿಗೆ ಗದರುವ ಗಂಡಸು, ನನ್ನ ಗಂಡಸುತನ ಇಷ್ಟೇ.

ಅಕ್ಕ ಗುರುಲಿಂಗಮ್ಮ ಬದುವಿನ ಮೇಲೆ ಚಾಪೆ ಹಾಸಿ ಕಾಯುತ್ತಿದ್ದಳು. ಮೂರು ಹಳೆಯ ಜಾಲಿ ಮರ, ಅವಳ ಮಾವ ನೆಟ್ಟವು. ಮುದುಕ ಆಗಲೇ ಬಂದಿದ್ದ, ಹಣೆಗೆ ಅಂಗಾರದ ಬೂದಿ, ಕೈಯಲ್ಲಿ ಪ್ರಸಾದದ ಪೊಟ್ಟಣ. ಬಡಕಲು ಆಳು, ಅಂಗೈ ಮಾತ್ರ ಮೊರದಷ್ಟು ಅಗಲ. ಅವನು ಒಂದೊಂದು ಮರಕ್ಕೂ ಅಂಗೈ ಊರಿ, ತಲೆ ಎತ್ತಿ ನೋಡಿ, ಸುತ್ತು ಹಾಕಿ ಬರುತ್ತಿದ್ದ. ಮರಾಠಿಯಲ್ಲಿ ನಿಧಾನ ಮಾತಾಡುತ್ತಿದ್ದ. ಎರಡು ವರ್ಷದ ಹಿಂದೆ ತನ್ನ ದೋಣಿ ಹೋಯಿತಂತೆ. ಹೊರಗೆ ಒಂದು ಗೀರು ಇರಲಿಲ್ಲ. ದಂಡೆಯಿಂದ ದೂರದಲ್ಲಿ ಅವನ ಕಿರಿಯ ಮಗ ಬಲೆ ಎಳೆಯಲು ಕಾಲು ಊರಿದರೆ ಕಾಲು ಅಡಿಹಲಗೆ ತೂರಿ ನೀರಿಗೆ ಹೋಯಿತು. ಬೇರೆ ದೋಣಿಯವರು ಹತ್ತಿರ ಇದ್ದದ್ದಕ್ಕೆ ಮಕ್ಕಳು ಉಳಿದರು. ನಾವೂ ಪ್ರತಿ ವರ್ಷ ಗೇರುಸಿಪ್ಪೆಯ ಎಣ್ಣೆ ಹಚ್ಚುತ್ತೇವೆ, ಅದು ಒಂದು ಹಂಗಾಮು ಕಾಯುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ, ಒಂದು ವರ್ಷ ಮರೆತರೆ ಮುಗಿಯಿತು, ಕಟ್ಟಿಗೆ ತಾನೇ ಗಟ್ಟಿ ಇರಬೇಕು, ಅದಕ್ಕೇ ಈ ಹುಡುಗಿಯ ಮಾತು ಕೇಳಿ ಬಂದೆ ಎಂದ. ಪೂನಮಳ ತಲೆಯ ಮೇಲೆ ಕೈ ಇಟ್ಟ.

ಆ ಕೈ ನನ್ನ ಮಗಳ ತಲೆಯ ಮೇಲೆ ಇದ್ದಾಗಲೇ ನಾನು ಬಾಯಿ ಬಿಟ್ಟೆ. ಅವನಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ಹೇಳಿದೆ. ಹಲಗೆಗಳಿಗೆ ಎಣ್ಣೆ ಹಚ್ಚಿದ್ದೆ, ಬಿಬ್ಬೆ ಕುದಿಸಿದ ಕರಂಜಿ ಎಣ್ಣೆ, ಮೂರು ದಿನ, ಹನ್ನೆರಡಕ್ಕೂ. ಮಗಳು ಬೇಡ ಅಂದಿದ್ದಳು. ನಿನ್ನೆ ಕೇಳಿದಾಗ ಇಲ್ಲ ಅಂದೆ, ಸುಳ್ಳು. ಅವಳಿಗೆ ಇದು ಯಾವುದೂ ಗೊತ್ತಿಲ್ಲ. ಈ ಮರವನ್ನು ನಂಬಿ ದೋಣಿ ಕಟ್ಟಬೇಡಿ.

ಪೂನಮ ನನ್ನನ್ನು ನೋಡುತ್ತಾ ನಿಂತಳು, ಆಮೇಲೆ ತಿರುಗಿ ಬಾವಿಯ ಕಡೆ ನಡೆದುಹೋದಳು. ನಾನು ಹಿಂದೆ ಹೋಗಲು ಹೊರಟರೆ ಅಕ್ಕ ನನ್ನ ತೋಳು ಹಿಡಿದಳು. "ಕೂಡು ರಾಚೂ. ಈಗ ಹೋಗಬ್ಯಾಡ."

ಮುದುಕ ಚಾಪೆಯ ಮೇಲೆ ಕೂತು ಎಲೆ ಅಡಿಕೆ ತೆಗೆದ. ನಾನು ಬೈಗುಳಕ್ಕೆ ಕಾದೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಬಂದವನು ಬೈಯಬೇಕು. ಅವನು ಮೊದಲ ಎಲೆಯನ್ನು ನನಗೆ ಮಡಚಿ ಕೊಟ್ಟ. "ಮರಕ್ಕೆ ಕೊಡಲಿ ಬೀಳುವ ಮೊದಲು ಹೇಳಿದಿರಿ. ನನ್ನ ಮಕ್ಕಳು ನೀರಿಗೆ ಇಳಿಯುವ ಮೊದಲು ಹೇಳಿದಿರಿ. ನನಗೆ ಇಷ್ಟು ಸಾಕು," ಎಂದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಎಲೆ ಬಾಯಿಗೆ ಹಾಕಿಕೊಳ್ಳಲಾಗದೆ ಕೈಯಲ್ಲೇ ಹಿಡಿದು ಕೂತೆ.

ಬಾವಿಯ ಕಟ್ಟೆಯಿಂದ ಪೂನಮಳ ದನಿ ಕೇಳುತ್ತಿತ್ತು. ತನ್ನ ಮೇಲಿನ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಜಾಲಿಯ ಫಲ ತಪ್ಪಾಗಿದೆ, ವಾಪಸ್ ತೆಗೆದುಕೊಳ್ಳುತ್ತೇನೆ, ಹಲಗೆಗೆ ಮೊದಲೇ ಎಣ್ಣೆ ಕುಡಿಸಿದ್ದರು, ನೀರಿಗೆ ಬಿಡುವ ಮುಂಚೆ ನಾನು ಪರೀಕ್ಷೆ ಮಾಡಬೇಕಿತ್ತು, ತಪ್ಪು ನನ್ನದು. ಆ ಕಡೆಯವರು ಏನೋ ಗಟ್ಟಿಯಾಗಿ ಅಂದರು. "ಹೌದು ಸರ್, ಒಂದು ವರ್ಷ ಹೋಯಿತು, ಗೊತ್ತಿದೆ" ಎಂದಳು. ಅಪ್ಪ ಎಂಬ ಶಬ್ದ ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ.

ತಿರುಗಿ ಬರುವಾಗ ಕಾರು ಅವಳೇ ನಡೆಸಿದಳು. ನಾನು ಕ್ಷಮೆ ಕೇಳಲು ಶುರು ಮಾಡಿದರೆ, "ಸುಮ್ಕಿರ್ರಿ ಅಪ್ಪಾ, ನನಗ ಭಾಳ ಸಿಟ್ಟು ಬಂದದ," ಅಂದಳು. ಒಂದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಹಳ ಹೊತ್ತು ನಿಧಾನ ಹೋಗಬೇಕಾಯಿತು.

"ನೀವು ಸ್ನೇಹಲಳ ತೊಟ್ಲಕ್ಕ ಎಣ್ಣಿ ಹಚ್ಚೋವಾಗ ನಾ ಅಲ್ಲೇ ಇದ್ದೆ," ಎಂದಳು ರಸ್ತೆ ನೋಡುತ್ತಲೇ. "ಮಿಲ್ಲಿನ ಹಿಂದ ನಿಂತು ನೋಡಿದ್ದೆ. ನನಗ ಮದುವಿ ಬ್ಯಾಡ, ಅದು ಖರೇ. ಆದ್ರ ಇದೂ ನನಗ ಬರೂದಿಲ್ಲ ಅಂತ ಅವತ್ತು ಭಾಳ ಅತ್ತಿದ್ದೆ."

ನಾನು ನನ್ನ ಅಂಗೈ ನೋಡಿಕೊಂಡೆ.

"ಮೂರೂ ದಿನ ಹಚ್ಚಿದ್ರೇನು?"

"ಮೂರೂ ದಿನ."

"ನೀವ?"

"ಮತ್ಯಾರು ಹಚ್ಚತಾರ? ನಾನ ಹಚ್ಚೀನವ್ವಾ."

ಅವಳು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತಳು. ನಾನೂ ಅತ್ತೆ. ದಾರಿಯಲ್ಲಿ ಹೋಗುವವರು ಗಾಡಿ ಕೆಟ್ಟಿದೆಯೇ ಎಂದು ಕೇಳಿದರು. ಇಲ್ಲ ಅಂದೆ. ಆಮೇಲೆ ಅವಳು ಓಢಣಿಯಿಂದ ಮುಖ ಒರೆಸಿಕೊಂಡು, "ಸಿಟ್ಟು ಇನ್ನೂ ಹೋಗಿಲ್ಲ ಮತ್ತ," ಎಂದು ಗಾಡಿ ಚಾಲೂ ಮಾಡಿದಳು.

ಮನೆಗೂ ಹೋಗಲಿಲ್ಲ, ನೇರ ವಖಾರಕ್ಕೆ ಬಂದೆವು. ಅದೇ ಹೊಲದ ಜಾಲಿಯ ತುಂಡು ಇನ್ನೊಂದು ಉಳಿದಿತ್ತು, ಹನ್ನೆರಡು ಹಲಗೆ ಕೊರೆಸಿದೆವು. ಅವಳು ಎದುರಿಗೆ ನಿಂತು ಒಂದೊಂದಕ್ಕೂ ನಂಬರು ಬರೆದಳು. ಬಿಳಿ ಹೊಟ್ಟು ಹತ್ತಿದ ಆ ಒಣ ಹಲಗೆಗಳನ್ನು ನಾನು ನೋಡಿದೆ. ಹುಳ ತಿಂದರೆ ಅವಳ ಒಂದು ವರ್ಷ ಪೂರ್ತಿ ನೀರಿಗೆ ಹೋದಂತೆ, ತಿನ್ನದಿದ್ದರೆ ಎಲ್ಲ ಮರಳಿ ಬಂದಂತೆ. ಒರೆಸಲು ಕೂಡ ಕೈ ಹಚ್ಚದೆ, ಹಾಗೇ ಅವಳ ಚೀಲಕ್ಕೆ ಹಾಕಿದೆ. ಮೈಗೆ ಬಟ್ಟೆ ಇಲ್ಲದ ಕೂಸನ್ನು ಹೊರಗೆ ಕಳಿಸಿದಂತೆ ನನಗೆ ಸಂಕಟವಾಯಿತು, ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಅವಳು ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತಳು.

ಮೃಗಶಿರ ಮಳೆ ಶುರುವಾಗುವ ಹೊತ್ತಿಗೆ ಅವಳ ಫೋನ್ ಬಂತು. ನಾನು ವಖಾರದಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದೆ, ಗಂಗುಬಾಯಿ ಊಟದ ಡಬ್ಬಿ ತಂದಿದ್ದಳು.

"ತಿಂದಾವ್ರಿ ಅಪ್ಪಾ," ಎಂದಳು ಪೂನಮ. ದನಿ ಸಣ್ಣದಾಗಿತ್ತು. "ಮಾವಿನಷ್ಟು ಅಲ್ಲ. ಆದ್ರ ಹನ್ನೆರಡೂ ತಿಂದಾವ. ನಿಮ್ಮ ಕಟ್ಟಿಗಿ ಉಳದಿಲ್ಲ."

ಅವಳು ಅಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. ಸೀಳಿದ ಹಲಗೆಯ ಒಳಗೆ, ಒಂದರ ಗೋಡೆ ಒಂದು ಒಡೆಯದೆ, ಕತ್ತಲಲ್ಲಿ ತಮ್ಮ ಪಾಡಿಗೆ ತಿನ್ನುತ್ತಾ ಕೂತಿರುವ ಅವಳ ಆ ಜೀವಗಳು ಕಣ್ಣಿಗೆ ಬಂದವು.

"ತಿನ್ನಲಿ ಬಿಡವ್ವಾ," ಅಂದೆ. "ತವರಮನಿ ಕಟ್ಟಿಗಿ, ಹೊಟ್ಟಿ ತುಂಬ ತಿನ್ನಲಿ."

ಗಂಗುಬಾಯಿ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಬೇಕಾಗತಾವ್ರಿ," ಎಂದಳು ಪೂನಮ. "ಬೇವಿಂದು ಹನ್ನೆರಡು."